ರೈಟ್ ಟು ದೆಮ್: ಪಂಚೆನ್ ಲಾಮಾ ಅವರ ಪರವಾಗಿ ನನ್ನ ಸಂಸದರಿಗೆ ಬರೆದ ಮೂರು ಪತ್ರಗಳು

ಬ್ರಿಟನ್ನಿನಲ್ಲಿ ನೆಲೆಸಿರುವವರು ತಮ್ಮ ಕ್ಷೇತ್ರದ ಸಂಸದರಿಗೆ ಖರ್ಚಿಲ್ಲದೆ ಪತ್ರ ಬರೆಯಲು ಅನುಕೂಲ ಮಾಡಿಕೊಡುವ ‘ರೈಟ್ ಟು ದೆಮ್’ ಎಂಬ ಜಾಲತಾಣವನ್ನು ನಾನು ಇದುವರೆಗೆ ಮೂರು ಬಾರಿ ಬಳಸಿದ್ದೇನೆ. ಮೂರು ಪತ್ರಗಳ ವಿಷಯವೂ ಒಂದೇ. ಟಿಬೆಟನ್ ಬೌದ್ಧರಿಗೆ ದಲೈ ಲಾಮಾ ಅವರ ನಂತರದ ಸ್ಥಾನದಲ್ಲಿರುವ ಗುರುವೇ ಪಂಚೆನ್ ಲಾಮಾ. 1995ರ ಮೇ 17ರಂದು, ಆರು ವರ್ಷದ ಬಾಲಕನಾಗಿದ್ದಾಗ ಚೀನಾದ ಅಧಿಕಾರಿಗಳ ವಶಕ್ಕೆ ಹೋದ, ಅಲ್ಲಿಂದ ಇಲ್ಲಿಯವರೆಗೆ ಹೊರಗಿನವರಾರೂ ಕಂಡು ಮಾತನಾಡಿಸಲಾಗದ ಹನ್ನೊಂದನೆಯ ಪಂಚೆನ್ ಲಾಮಾ ಗೆಂಡುನ್ ಚೋಕಿ ನೀಮಾ ಅವರು ಈಗ ಎಲ್ಲಿದ್ದಾರೆ ಎಂದು ಬ್ರಿಟಿಷ್ ಸರ್ಕಾರವು ಚೀನಾವನ್ನು ಬಹಿರಂಗವಾಗಿ ಕೇಳಬೇಕು, ಆ ಒತ್ತಾಯವನ್ನು ನಮ್ಮ ಸಂಸದರು ಸದನದಲ್ಲಿ ಮಾಡಬೇಕು ಎಂಬುದು ನನ್ನ ಬೇಡಿಕೆ. ಇಂಥ ಕೆಲಸಕ್ಕೆ ಈ ಸೇವೆ ಎಷ್ಟರ ಮಟ್ಟಿಗೆ ಉಪಯುಕ್ತ, ಎಲ್ಲಿ ಅದರ ಮಿತಿ ಎಂಬುದನ್ನು ಇಲ್ಲಿರುವ ಕನ್ನಡಿಗರಿಗೆ ತಿಳಿಸಬೇಕೆನ್ನಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಐದು ನಕ್ಷತ್ರಗಳಲ್ಲಿ ನಾನು ಇದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಕುಶಾಲನಗರದಲ್ಲಿ ಬೆಳೆದವನಿಗೆ ಟಿಬೆಟ್ಟಿನ ಗೊಡವೆ ಏಕೆ ಎಂದು ಯಾರೂ ಕೇಳಲಾರರು. ಕಾವೇರಿಯ ಸೇತುವೆ ದಾಟಿ ಕೊಪ್ಪದ ಕಡೆಗೆ ತಿರುಗಿದರೆ ಐದಾರು ಕಿಲೋಮೀಟರಿಗೆ ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯವು ಸುಮಾರು 3,000 ಎಕರೆ ಕಾಡುಭೂಮಿಯನ್ನು ಕೊಟ್ಟಿದ್ದರಿಂದ ಟಿಬೆಟ್ಟಿನಿಂದ ಬಂದ ನಿರಾಶ್ರಿತರು ಅಲ್ಲಿ ನೆಲೆನಿಂತರು. ದಲೈ ಲಾಮಾ ಅವರು ನಿಜಲಿಂಗಪ್ಪನವರ ಹೆಸರನ್ನು ಎಷ್ಟೋ ಸಭೆಗಳಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ. ನಮ್ಮ ತಂದೆಯವರಿಗೆ ದಿನಸಿ ಅಂಗಡಿಯಿತ್ತು. ಕ್ಯಾಂಪಿನ ಮಠಗಳ ಅಡುಗೆಮನೆಗಳಿಗೆ ಅಕ್ಕಿ, ಬೇಳೆ, ಮೈದಾ ಮೂಟೆಗಳನ್ನು ತಲುಪಿಸಲು ಅವರು ಟೆಂಪೊದಲ್ಲಿ ಹೊರಟಾಗ ರಜಾದಿನವಾದರೆ ನಾನೂ ಹತ್ತಿಕೊಳ್ಳುತ್ತಿದ್ದೆ. ಮೂಟೆಗಳನ್ನು ಇಳಿಸುವಷ್ಟು ಹೊತ್ತು ನನ್ನನ್ನು ಒಂದು ಪುಟ್ಟ ಹೋಟೆಲಿನಲ್ಲಿ ಕೂರಿಸುತ್ತಿದ್ದರು. ಅದರ ಗಲ್ಲಾದ ಮೇಲೆ ದಲೈ ಲಾಮಾ ಅವರ ಚಿತ್ರ, ಅದರ ಪಕ್ಕದಲ್ಲಿ ಗೌರವಕ್ಕೆಂದು ಹಾಕುವ ಖತಾ ಎಂಬ ಬಿಳಿಯ ರೇಷ್ಮೆಯ ಶಲ್ಯ ಹೊದಿಸಿದ ಇನ್ನೊಂದು ಚಿತ್ರ: ಕೆಂಪೇರಿದ ಕೆನ್ನೆಯ, ಕ್ಯಾಮೆರಾವನ್ನು ನೇರವಾಗಿ ನೋಡುತ್ತಿದ್ದ ಪುಟ್ಟ ಹುಡುಗ. ‘ಅವನು ಯಾರು?’ ಎಂದು ಕೇಳಿದೆ. ಹೋಟೆಲಿನ ಒಡತಿ, ಊರವರೆಲ್ಲ ಅಮಾಲಾ ಎಂದೇ ಕರೆಯುತ್ತಿದ್ದ ಹಿರಿಯ ಹೆಂಗಸು, ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, ‘ಅವನು ಅನ್ನಬಾರದು ಮಗ, ಅವರು ಅನ್ನಬೇಕು. ನಮ್ಮ ಪಂಚೆನ್ ರಿಂಪೋಚೆ. ಎಲ್ಲಿದ್ದಾರೋ ಗೊತ್ತಿಲ್ಲ’ ಎಂದು ಕನ್ನಡದಲ್ಲೇ ಹೇಳಿದರು. ಗೆಂಡುನ್ ಚೋಕಿ ನೀಮಾ ಹುಟ್ಟಿದ್ದು 1989ರ ಏಪ್ರಿಲ್ 25ರಂದು. ನಾನು ಹುಟ್ಟಿದ್ದೂ ಅದೇ ವರ್ಷ. ನನ್ನದೇ ವಯಸ್ಸಿನ ಹುಡುಗನೊಬ್ಬನನ್ನು ಬಹುವಚನದಲ್ಲಿ ಕರೆಯಬೇಕು ಎಂಬುದು ಅಂದು ನನಗೆ ಎಷ್ಟು ವಿಚಿತ್ರವಾಗಿ ಕಂಡಿತ್ತೋ, ಆ ಹುಡುಗ ಎಲ್ಲಿದ್ದಾನೆಂದು ದೊಡ್ಡವರಿಗೂ ಗೊತ್ತಿಲ್ಲ ಎಂಬ ಮಾತು ಅಷ್ಟೇ ಭಯ ಹುಟ್ಟಿಸಿತ್ತು.

ಪ್ರಕರಣದ ವಿವರಗಳನ್ನು ನಾನು ಸರಿಯಾಗಿ ತಿಳಿದುಕೊಂಡದ್ದು ಬಹಳ ತಡವಾಗಿ, ಪತ್ರ ಬರೆಯಲು ಕುಳಿತಾಗ. ಪಂಚೆನ್ ಲಾಮಾ ಪರಂಪರೆಯ ಮೂಲಸ್ಥಾನ ಟಿಬೆಟ್ಟಿನ ಷಿಗಾಟ್ಸೆ ನಗರದಲ್ಲಿರುವ, 1447ರಲ್ಲಿ ಸ್ಥಾಪನೆಯಾದ ತಶಿ ಲುನ್ಪೊ ಮಠ. ಹತ್ತನೆಯ ಪಂಚೆನ್ ಲಾಮಾ 1989ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಪುನರವತಾರವನ್ನು ಹುಡುಕುವ ಸಮಿತಿಯ ನೇತೃತ್ವ ವಹಿಸಿದ್ದವರು ಆ ಮಠದ ಮುಖ್ಯಸ್ಥರಾದ ಚಾದ್ರೆಲ್ ರಿಂಪೋಚೆ. 1995ರ ಮೇ 14ರಂದು ದಲೈ ಲಾಮಾ ಅವರು ಹಿಮಾಚಲ ಪ್ರದೇಶದ ಧರ್ಮಶಾಲಾ ಊರಿನಿಂದ ಗೆಂಡುನ್ ಚೋಕಿ ನೀಮಾ ಅವರ ಹೆಸರನ್ನು ಘೋಷಿಸಿದರು. ಮೂರೇ ದಿನಗಳಲ್ಲಿ ಬಾಲಕನೂ ಅವನ ತಂದೆತಾಯಿಯೂ ಕಣ್ಮರೆಯಾದರು. ಚಾದ್ರೆಲ್ ರಿಂಪೋಚೆಯವರನ್ನು ಅದೇ ತಿಂಗಳಲ್ಲಿ ಬಂಧಿಸಿ, 1997ರಲ್ಲಿ ಆರು ವರ್ಷಗಳ ಸೆರೆವಾಸ ವಿಧಿಸಲಾಯಿತು. 1995ರ ನವೆಂಬರಿನಲ್ಲಿ ಲಾಸಾದ ಜೋಖಾಂಗ್ ದೇಗುಲದಲ್ಲಿ ಚಿನ್ನದ ಕಲಶದಿಂದ ಚೀಟಿ ಎತ್ತುವ ವಿಧಿಯನ್ನು ನಡೆಸಿ, ಚೀನಾ ಸರ್ಕಾರವು ಗ್ಯಾಲ್ತ್ಸೆನ್ ನೋರ್ಬು ಎಂಬ ಇನ್ನೊಬ್ಬ ಬಾಲಕನನ್ನು ಆ ಪೀಠಕ್ಕೆ ಆರಿಸಿತು. 1996ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯು ವಿಚಾರಿಸಿದಾಗ, ತಂದೆತಾಯಿಯ ಕೋರಿಕೆಯಂತೆ ಬಾಲಕನಿಗೆ ರಕ್ಷಣೆ ಒದಗಿಸಲಾಗಿದೆ ಎಂದು ಚೀನಾ ಉತ್ತರಿಸಿತು. 2020ರಲ್ಲಿ ಅದರ ವಿದೇಶಾಂಗ ವಕ್ತಾರರು, ಆತ ಪದವಿ ಮುಗಿಸಿ ಉದ್ಯೋಗದಲ್ಲಿದ್ದಾನೆ, ಅವನಿಗೂ ಕುಟುಂಬಕ್ಕೂ ಯಾರಿಂದಲೂ ತೊಂದರೆಯಾಗುವುದು ಇಷ್ಟವಿಲ್ಲ ಎಂದರು. ಈ ಮೂರು ದಶಕಗಳಲ್ಲಿ ಹೊಸದೊಂದು ಛಾಯಾಚಿತ್ರವಾಗಲಿ, ಅವರದೇ ಕೈಬರಹದ ಒಂದು ಸಾಲಾಗಲಿ ಹೊರಗೆ ಬಂದಿಲ್ಲ. ಹೋಟೆಲಿನ ಗಲ್ಲಾದ ಮೇಲಿದ್ದ ಆ ಚಿತ್ರವೇ ಇಂದಿಗೂ ಎಲ್ಲರ ಬಳಿ ಇರುವ ಚಿತ್ರ.

ಇದು ಒಬ್ಬ ವ್ಯಕ್ತಿಯ ಬಂಧನದ ವಿಷಯ ಮಾತ್ರವಲ್ಲ. ದಲೈ ಲಾಮಾ ಮತ್ತು ಪಂಚೆನ್ ಲಾಮಾ ಪರಂಪರೆಗಳಲ್ಲಿ ಒಬ್ಬರ ಪುನರವತಾರವನ್ನು ಮತ್ತೊಬ್ಬರು ಗುರುತಿಸಿ ಮಾನ್ಯ ಮಾಡುವ ರೂಢಿ ಹಿಂದಿನಿಂದಲೂ ಇದೆ. 2007ರಲ್ಲಿ ಚೀನಾ ಹೊರಡಿಸಿದ ಆದೇಶದ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಯಾವ ಲಾಮಾನ ಪುನರವತಾರವನ್ನೂ ಗುರುತಿಸುವಂತಿಲ್ಲ. ದಲೈ ಲಾಮಾ ಅವರಿಗೆ 2025ರ ಜುಲೈ 6ಕ್ಕೆ ತೊಂಬತ್ತು ತುಂಬಿತು. ಅದಕ್ಕೆ ನಾಲ್ಕು ದಿನ ಮೊದಲು ಅವರು, ತಮ್ಮ ಪರಂಪರೆ ಮುಂದುವರಿಯುತ್ತದೆ, ಮುಂದಿನ ಅವತಾರವನ್ನು ಗುರುತಿಸುವ ಅಧಿಕಾರ ತಾವು ಸ್ಥಾಪಿಸಿದ ಗಾದೆನ್ ಫೋಡ್ರಂಗ್ ಟ್ರಸ್ಟಿಗೆ ಮಾತ್ರ ಸೇರಿದ್ದು ಎಂದು ಸ್ಪಷ್ಟಪಡಿಸಿದರು. ಒಂದು ಸಮುದಾಯವು ತನ್ನ ಗುರುವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಒಂದು ಸರ್ಕಾರ ತನ್ನ ಕೈಗೆ ತೆಗೆದುಕೊಂಡರೆ ಅದು ಧಾರ್ಮಿಕ ದಮನವಲ್ಲದೆ ಮತ್ತೇನೂ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪತ್ರ ಬರೆಯಲು ನನ್ನನ್ನು ಪ್ರೇರೇಪಿಸಿದ್ದು ಇದೇ.

ಈ ಸೇವೆಗೆ ಬರುವ ಮೊದಲು ನಾನು ಬೇರೊಂದು ದಾರಿಯನ್ನು ಹಿಡಿದಿದ್ದೆ. ಒಂದು ಪ್ರಚಾರ ಸಂಸ್ಥೆಯ ತಾಣದಲ್ಲಿ ಸಿದ್ಧ ಪತ್ರವೊಂದಿತ್ತು. ಹೆಸರು ತುಂಬಿ ಗುಂಡಿ ಒತ್ತಿದರೆ ಅದೇ ಪತ್ರ ಸಂಸದರಿಗೆ ಹೋಗುತ್ತಿತ್ತು. ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು. ಒಂದು ತಿಂಗಳ ನಂತರ ಬಂದ ಉತ್ತರವೂ ಅಷ್ಟೇ ಸಿದ್ಧವಾದದ್ದು: ಮಾನವ ಹಕ್ಕುಗಳ ಬಗ್ಗೆ ಸರ್ಕಾರಕ್ಕೆ ಕಾಳಜಿಯಿದೆ ಎಂಬ ನಾಲ್ಕು ಸಾಲು, ಕೆಳಗೆ ಸಹಿಯ ಅಚ್ಚು. ಅದರಲ್ಲಿ ಪಂಚೆನ್ ಲಾಮಾ ಅವರ ಹೆಸರೇ ಇರಲಿಲ್ಲ. ಆ ಸಂಸ್ಥೆಯ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಒಂದೇ ಅಕ್ಷರವೂ ಬದಲಾಗದ ನೂರಾರು ಪತ್ರಗಳು ಒಂದೇ ವಾರ ಬಂದರೆ ಸಂಸದರ ಕಚೇರಿಯವರು ಅವನ್ನೆಲ್ಲ ಒಂದೇ ಕಟ್ಟಿನಲ್ಲಿಟ್ಟು ಒಂದೇ ಉತ್ತರ ಕಳುಹಿಸುವುದು ಸಹಜ.

ರೈಟ್ ಟು ದೆಮ್ ಭಿನ್ನವಾಗುವುದು ಇಲ್ಲಿಯೇ. ಇದನ್ನು ನಡೆಸುವುದು ‘ಮೈಸೊಸೈಟಿ’ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆ. 2000ರಲ್ಲಿ ‘ಫ್ಯಾಕ್ಸ್ ಯುವರ್ ಎಂಪಿ’ ಎಂಬ ಹೆಸರಿನಲ್ಲಿ, ಅಂದರೆ ಸಂಸದರ ಕಚೇರಿಗಳಿಗೆ ಫ್ಯಾಕ್ಸ್ ಯಂತ್ರವೇ ಮುಖ್ಯ ದಾರಿಯಾಗಿದ್ದ ಕಾಲದಲ್ಲಿ ಶುರುವಾದ ಪ್ರಯತ್ನವು 2005ರಲ್ಲಿ ಈಗಿನ ರೂಪವನ್ನು ಪಡೆಯಿತು. ತಾಣದ ಮೊದಲ ಪುಟದಲ್ಲಿ ನಿಮ್ಮ ಮನೆಯ ಪೋಸ್ಟ್‌ಕೋಡ್ ಕೇಳುತ್ತದೆ. ಅದನ್ನು ತುಂಬಿದರೆ ಸ್ಥಳೀಯ ಕೌನ್ಸಿಲ್ ಸದಸ್ಯರಿಂದ ಹಿಡಿದು ಪಾರ್ಲಿಮೆಂಟಿನ ಸಂಸದರವರೆಗೆ ನಿಮ್ಮನ್ನು ಪ್ರತಿನಿಧಿಸುವ ಎಲ್ಲರ ಹೆಸರುಗಳು ಸಾಲಾಗಿ ಬರುತ್ತವೆ. ಬೇಕಾದವರ ಹೆಸರನ್ನು ಆರಿಸಿದರೆ ಖಾಲಿ ಹಾಳೆಯಂಥ ಒಂದು ಚೌಕ ತೆರೆದುಕೊಳ್ಳುತ್ತದೆ. ಅದರಲ್ಲಿ ಮೊದಲೇ ತುಂಬಿದ ಮಾತು ಒಂದೂ ಇರುವುದಿಲ್ಲ. ಬೇರೆಯವರು ಕಳುಹಿಸಿದ್ದನ್ನೇ ನಕಲು ಮಾಡಿ ಅಂಟಿಸಿದ ಪತ್ರಗಳನ್ನು ಈ ತಾಣ ಗುರುತಿಸಿ ತಡೆಯುತ್ತದೆ. ನಿಮ್ಮ ಮಾತಿನಲ್ಲಿಯೇ ಬರೆಯಿರಿ ಎಂದು ಸ್ಪಷ್ಟವಾಗಿ ಕೇಳುತ್ತದೆ. ಹೆಸರು, ವಿಳಾಸ, ಇಮೇಲ್ ಕೊಟ್ಟು, ಪತ್ರವನ್ನು ಒಮ್ಮೆ ಓದಿ ನೋಡಿ ಕಳುಹಿಸಿದ ಮೇಲೆ ನಿಮ್ಮ ಇಮೇಲಿಗೆ ಒಂದು ಕೊಂಡಿ ಬರುತ್ತದೆ. ಅದನ್ನು ಒತ್ತಿ ದೃಢಪಡಿಸಿದ ಮೇಲೆಯೇ ಪತ್ರ ಮುಂದೆ ಹೋಗುತ್ತದೆ. ಈ ಕೊನೆಯ ಹಂತವನ್ನು ಮರೆತರೆ ಪತ್ರ ಹೋಗುವುದಿಲ್ಲ ಎಂಬುದನ್ನು ಗಮನದಲ್ಲಿಡಬೇಕು.

ಆ ಖಾಲಿ ಚೌಕವೇ ಈ ಸೇವೆಯ ದೊಡ್ಡ ಗುಣ ಎಂದು ನಾನು ಹೇಳುತ್ತೇನೆ. ಅದರ ಮುಂದೆ ಕುಳಿತಾಗ ಮೊದಲ ದಿನ ನನಗೆ ಏನೂ ಬರೆಯಲಾಗಲಿಲ್ಲ. ಎರಡನೆಯ ದಿನ ಟಿಬೆಟ್ಟಿನ ಇತಿಹಾಸವನ್ನೆಲ್ಲ ತುಂಬಿ ಸಾವಿರ ಶಬ್ದ ಬರೆದೆ: 1904ರಲ್ಲಿ ಬ್ರಿಟಿಷ್ ಅಧಿಕಾರಿ ಯಂಗ್‌ಹಸ್ಬೆಂಡ್ ಲಾಸಾಕ್ಕೆ ಸೈನ್ಯ ನುಗ್ಗಿಸಿದ್ದು, 1914ರ ಸಿಮ್ಲಾ ಒಪ್ಪಂದ, 1959ರ ದಂಗೆ, 2009ರಿಂದೀಚೆಗೆ ಮೈಗೆ ಬೆಂಕಿ ಹಚ್ಚಿಕೊಂಡ ನೂರೈವತ್ತಕ್ಕೂ ಹೆಚ್ಚು ಟಿಬೆಟನ್ನರು, ಲರುಂಗ್ ಗಾರ್ ಎಂಬ ಬೌದ್ಧ ವಿದ್ಯಾಕೇಂದ್ರದಲ್ಲಿ 2016ರಲ್ಲಿ ಕೆಡವಿದ ಸನ್ಯಾಸಿಗಳ ಕುಟೀರಗಳು. ಎಲ್ಲವೂ ನಿಜ, ಎಲ್ಲವೂ ನೋವಿನದು. ಆದರೆ ಇಷ್ಟನ್ನು ಓದಿದ ಮೇಲೆ ಸಂಸದರು ಮಾಡಬೇಕಾದ ಕೆಲಸ ಯಾವುದು ಎಂದು ನನಗೇ ತಿಳಿಯಲಿಲ್ಲ. ನನ್ನ ಹೆಂಡತಿ ಓದಿ, ‘ಇದರಲ್ಲಿ ನೀವು ಏನು ಕೇಳುತ್ತಿದ್ದೀರಿ ಅನ್ನೋದು ಎಲ್ಲಿದೆ?’ ಎಂದಳು. ಆಗ ಎಲ್ಲವನ್ನೂ ಅಳಿಸಿದೆ. ಕೊನೆಗೆ ಹೋದ ಪತ್ರದ ಆರಂಭ ಹೀಗಿತ್ತು: ‘ನಾನು ಭಾರತದ ಕರ್ನಾಟಕದಲ್ಲಿ, ಟಿಬೆಟನ್ ನಿರಾಶ್ರಿತರು ನೆಲೆಸಿರುವ ಬೈಲಕುಪ್ಪೆಯ ಪಕ್ಕದ ಊರಿನಲ್ಲಿ ಬೆಳೆದವನು. ಷಿಗಾಟ್ಸೆಯ ತಶಿ ಲುನ್ಪೊ ಮಠವನ್ನು ನಿರಾಶ್ರಿತ ಭಿಕ್ಷುಗಳು ಮತ್ತೆ ಕಟ್ಟಿದ್ದು ಅಲ್ಲಿಯೇ. ಆ ಮಠದ ಗುರುವಾಗಬೇಕಾಗಿದ್ದವರು ನನ್ನ ವಯಸ್ಸಿನವರು. ಅವರನ್ನು ಆರನೆಯ ವಯಸ್ಸಿನಲ್ಲಿ ಕರೆದೊಯ್ಯಲಾಯಿತು.’ ನಂತರ ಮೂರು ಸಾಲಿನಲ್ಲಿ ಘಟನೆ, ಒಂದು ಸಾಲಿನಲ್ಲಿ ಬೇಡಿಕೆ. ಒಟ್ಟು ಒಂದು ಪುಟವೂ ಆಗಲಿಲ್ಲ.

ಬೇಡಿಕೆಯ ಆ ಒಂದು ಸಾಲನ್ನು ಸರಿಯಾಗಿ ಬರೆಯಬೇಕಾದರೆ ಇಲ್ಲಿಯ ಸಂಸದರಿಗೆ ಏನೇನು ಮಾಡಲು ಸಾಧ್ಯವಿದೆ ಎಂಬುದು ತಿಳಿದಿರಬೇಕು. ತಾಣ ಅದನ್ನು ವಿವರವಾಗಿ ಹೇಳಿಕೊಡುವುದಿಲ್ಲವಾದ್ದರಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಸಂಸದರು ವಿದೇಶಾಂಗ ಸಚಿವರಿಗೆ ನಿಮ್ಮ ಪರವಾಗಿ ಪತ್ರ ಬರೆಯಬಹುದು. ಸಚಿವರ ಉತ್ತರದ ಪ್ರತಿ ನಿಮಗೆ ಬರುತ್ತದೆ. ನಮ್ಮ ಲೋಕಸಭೆಯ ಚುಕ್ಕೆ ಗುರುತಿಲ್ಲದ ಪ್ರಶ್ನೆಯ ಹಾಗೆ ಇಲ್ಲಿಯೂ ಲಿಖಿತ ಪ್ರಶ್ನೆಯನ್ನು ಸಲ್ಲಿಸಬಹುದು. ಪ್ರಶ್ನೆಯೂ ಸಚಿವರ ಉತ್ತರವೂ ಸಂಸತ್ತಿನ ದಾಖಲೆಯಲ್ಲಿ ಸೇರಿ ಯಾರು ಬೇಕಾದರೂ ಓದುವಂತಾಗುತ್ತದೆ. ‘ಅರ್ಲಿ ಡೇ ಮೋಷನ್’ ಎಂಬ ಸೂಚನಾಪತ್ರಕ್ಕೆ ಸಹಿ ಹಾಕಬಹುದು. ಅದು ಚರ್ಚೆಗೆ ಬರುವುದು ತೀರ ಅಪರೂಪ, ಕೆಲವು ಸಂಸದರಂತೂ ಅದಕ್ಕೆ ಸಹಿ ಹಾಕುವುದೇ ಇಲ್ಲ. ಟಿಬೆಟ್ ಕುರಿತಾದ ಸರ್ವಪಕ್ಷ ಸಂಸದೀಯ ಗುಂಪನ್ನೋ, ಧರ್ಮ ಅಥವಾ ನಂಬಿಕೆಯ ಸ್ವಾತಂತ್ರ್ಯದ ಸರ್ವಪಕ್ಷ ಗುಂಪನ್ನೋ ಸೇರಬಹುದು. ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ ಸರ್ಕಾರದ ವಿಶೇಷ ಪ್ರತಿನಿಧಿ ಎಂಬ ಹುದ್ದೆಯೂ 2018ರಿಂದ ಇದೆ. ಅದನ್ನು ಮೊದಲು ವಹಿಸಿಕೊಂಡ ವಿಂಬಲ್ಡನ್ನಿನ ಲಾರ್ಡ್ ಅಹ್ಮದ್ ಅವರು, ಪಾಕಿಸ್ತಾನದಲ್ಲಿ ಕಾನೂನಿನ ಮೂಲಕವೇ ದಮನಕ್ಕೊಳಗಾಗಿರುವ ಅಹ್ಮದೀಯ ಸಮುದಾಯಕ್ಕೆ ಸೇರಿದವರು ಎಂಬುದು ನೆನಪಿಡತಕ್ಕ ಸಂಗತಿ. ಇವೆಲ್ಲವುಗಳಲ್ಲಿ ಲಿಖಿತ ಪ್ರಶ್ನೆಯೇ ಮೇಲು ಎಂದು ನನಗೆ ಅನ್ನಿಸಿದೆ, ಏಕೆಂದರೆ ಅಲ್ಲಿ ಹೆಸರು ದಾಖಲಾಗುತ್ತದೆ. ಕಾಣೆಯಾದವರ ವಿಷಯದಲ್ಲಿ ಹೆಸರು ಹಿಡಿದು ಕೇಳುವುದನ್ನು ಲೋಕ ನಿಲ್ಲಿಸಿತೆಂದರೆ, ಅವರನ್ನು ಅಡಗಿಸಿಟ್ಟವರ ಕೆಲಸ ಪೂರ್ತಿಯಾದಂತೆಯೇ.

ಮೊದಲ ಪತ್ರವನ್ನು 2024ರ ಏಪ್ರಿಲಿನಲ್ಲಿ ಕಳುಹಿಸಿದೆ. ಎರಡು ಮೂರು ವಾರಗಳ ನಂತರ ತಾಣದಿಂದ ಒಂದು ಚಿಕ್ಕ ಪ್ರಶ್ನಾವಳಿ ಬಂತು: ನಿಮ್ಮ ಪತ್ರಕ್ಕೆ ಉತ್ತರ ಬಂದಿದೆಯೇ? ಇಲ್ಲ ಎಂದು ಗುರುತು ಹಾಕಿದೆ. ಹೀಗೆ ಸಂಗ್ರಹಿಸಿದ ಉತ್ತರಗಳನ್ನು ಒಟ್ಟುಗೂಡಿಸಿ, ಯಾವ ಸಂಸದರು ಎಷ್ಟರಮಟ್ಟಿಗೆ ಸ್ಪಂದಿಸುತ್ತಾರೆ ಎಂಬ ಲೆಕ್ಕವನ್ನು ಈ ಸಂಸ್ಥೆ ಪ್ರಕಟಿಸಿದ್ದೂ ಉಂಟು. ಕಳುಹಿಸಿದ ಮೇಲೆ ನಮ್ಮ ಪಾಡಿಗೆ ನಮ್ಮನ್ನು ಬಿಡದೆ ವಿಚಾರಿಸುವ ಈ ಪದ್ಧತಿ ನನಗೆ ತುಂಬ ಮೆಚ್ಚುಗೆಯಾಯಿತು. ಆದರೆ ಮೇ 30ಕ್ಕೆ ಪಾರ್ಲಿಮೆಂಟ್ ವಿಸರ್ಜನೆಯಾಯಿತು. ವಿಸರ್ಜನೆಯಾದ ಮೇಲೆ ಸಂಸದರೇ ಇರುವುದಿಲ್ಲವಾದ್ದರಿಂದ ಅವರಿಗೆ ಪತ್ರ ಕಳುಹಿಸಲೂ ಆಗುವುದಿಲ್ಲ. ಜುಲೈ 4ರ ಚುನಾವಣೆಯಲ್ಲಿ ನಮ್ಮ ಕ್ಷೇತ್ರದ ಸಂಸದರು ಬದಲಾದರು, ನನ್ನ ಪತ್ರದ ಕಥೆ ಅಲ್ಲಿಗೆ ಮುಗಿಯಿತು. ಚುನಾವಣೆ ಹತ್ತಿರವಿರುವಾಗ ಬರೆಯುವವರು ಇದನ್ನು ತಿಳಿದಿರಬೇಕು.

ಎರಡನೆಯ ಪತ್ರವನ್ನು ಅಕ್ಟೋಬರಿನಲ್ಲಿ ಹೊಸ ಸಂಸದರಿಗೆ ಬರೆದೆ. ಹನ್ನೆರಡನೆಯ ದಿನ ಅವರ ಸಹಾಯಕರಿಂದ ಉತ್ತರ ಬಂತು: ನಿಮ್ಮ ಪತ್ರವನ್ನು ಸಂಸದರು ಓದಿದ್ದಾರೆ, ವಿದೇಶಾಂಗ ಇಲಾಖೆಗೆ ಬರೆದಿದ್ದಾರೆ. ಬೈಲಕುಪ್ಪೆ ಎಂಬ ಹೆಸರನ್ನು ಅದರಲ್ಲಿ ತಪ್ಪಿಲ್ಲದೆ ಬರೆದಿದ್ದರು. ಇದು ಸಣ್ಣ ಸಂಗತಿಯೆಂದು ಯಾರಿಗಾದರೂ ತೋರಬಹುದು, ನನಗೆ ಹಾಗೆ ತೋರಲಿಲ್ಲ. ಆ ಪತ್ರವನ್ನು ಓದಿ ಬರೆದಿದ್ದಾರೆ ಎಂಬುದಕ್ಕೆ ಅದೊಂದೇ ಸಾಕ್ಷಿ ಸಾಕಾಗಿತ್ತು. ಡಿಸೆಂಬರಿನಲ್ಲಿ ಸಚಿವರ ಉತ್ತರದ ಪ್ರತಿ ತಲುಪಿತು. ಪಂಚೆನ್ ಲಾಮಾ ಅವರ ಬಗ್ಗೆ ಮಾಹಿತಿ ಸಿಗದಿರುವುದು ಕಳವಳಕಾರಿ ಎಂಬ ಮಾತು ಅದರಲ್ಲಿತ್ತು. ಆದರೆ ಯಾವಾಗ, ಯಾರ ಮುಂದೆ ಕೇಳಲಾಯಿತು, ಏನು ಉತ್ತರ ಬಂತು ಎಂಬುದು ಇರಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ. ಅದರ ಹಿನ್ನೆಲೆಯೂ ನನಗೆ ಗೊತ್ತಿತ್ತು: ಚೀನಾಕ್ಕೆ ಟಿಬೆಟ್ಟಿನ ಮೇಲೆ ಒಂದು ಬಗೆಯ ಮೇಲಧಿಕಾರವಷ್ಟೇ ಇದೆ, ಪೂರ್ಣ ಸಾರ್ವಭೌಮತ್ವವಿಲ್ಲ ಎಂಬ ತನ್ನ ಹಳೆಯ ನಿಲುವನ್ನು ಬ್ರಿಟನ್ 2008ರ ಅಕ್ಟೋಬರ್ 29ರಂದು, ಅಂದಿನ ವಿದೇಶಾಂಗ ಸಚಿವ ಡೇವಿಡ್ ಮಿಲಿಬ್ಯಾಂಡ್ ಅವರ ಒಂದು ಲಿಖಿತ ಹೇಳಿಕೆಯ ಮೂಲಕ ಕೈಬಿಟ್ಟಿತು. ಲಾಸಾದವರೆಗೆ ಸೈನ್ಯ ನಡೆಸಿ, ಸಿಮ್ಲಾದಲ್ಲಿ ಟಿಬೆಟ್ಟಿನ ಪ್ರತಿನಿಧಿಯನ್ನು ಸಮಾನವಾಗಿ ಕೂರಿಸಿಕೊಂಡು ಒಪ್ಪಂದ ಮಾಡಿಕೊಂಡ ದೇಶಕ್ಕೆ ಇದರಲ್ಲಿ ಉಳಿದವರಿಗಿಂತ ಹೆಚ್ಚಿನ ಹೊಣೆಯಿದೆ ಎಂದು ನಾನು ನಂಬುತ್ತೇನೆ.

ಈ ಸೇವೆಗೆ ನಾನು ಅರ್ಧ ನಕ್ಷತ್ರ ಕಡಿಮೆ ಕೊಟ್ಟಿರುವುದಕ್ಕೆ ಕಾರಣ ಒಂದೇ: ಪತ್ರದ ಜೊತೆಗೆ ಚಿತ್ರವನ್ನಾಗಲಿ, ಕಡತವನ್ನಾಗಲಿ ಲಗತ್ತಿಸಲು ಆಗುವುದಿಲ್ಲ. ಬರಹ ಮಾತ್ರ. ನನ್ನ ಪ್ರಕರಣದಲ್ಲಿ ಹೇಳಬೇಕಾದ್ದರ ಅರ್ಧ ಭಾಗ ಆ ಒಂದು ಚಿತ್ರದಲ್ಲಿತ್ತು. ಹಾಗಾಗಿ ಫೆಬ್ರುವರಿಯಲ್ಲಿ ಅದನ್ನು ಮುದ್ರಿಸಿಕೊಂಡು ಸಂಸದರ ‘ಸರ್ಜರಿ’ಗೆ ಹೋದೆ. ಇಲ್ಲಿ ಸಂಸದರು ಕ್ಷೇತ್ರದ ಜನರನ್ನು ಮುಖಾಮುಖಿ ಭೇಟಿಯಾಗುವುದಕ್ಕೆ ಹಾಗೆನ್ನುತ್ತಾರೆ; ಹೊಸದಾಗಿ ಬಂದವರು ಆಸ್ಪತ್ರೆಯ ಮಾತೆಂದು ತಿಳಿದು ಗಾಬರಿಯಾಗಬೇಕಿಲ್ಲ. ಶುಕ್ರವಾರ ಸಂಜೆ, ಗ್ರಂಥಾಲಯದ ಹಿಂದಿನ ಕೋಣೆ, ನನ್ನ ಮುಂದೆ ಮನೆಯ ಗೋಡೆಗೆ ಬೂಷ್ಟು ಹಿಡಿದ ದೂರು ತಂದ ಒಬ್ಬ ತಾಯಿ, ನನ್ನ ಹಿಂದೆ ಪಾರ್ಕಿಂಗ್ ವಿಷಯಕ್ಕೆ ಬಂದ ಇಬ್ಬರು. ಅವರ ಕಷ್ಟಗಳ ನಡುವೆ ನನ್ನದು ಎಲ್ಲಿಂದಲೋ ತಂದ ವಿಷಯವಾಯಿತೇನೋ ಎಂಬ ಅಳುಕು ನನಗಿತ್ತು. ಸಿಕ್ಕಿದ್ದು ಹತ್ತು ನಿಮಿಷ. ಚಿತ್ರವನ್ನು ಮೇಜಿನ ಮೇಲಿಟ್ಟೆ. ಸಂಸದರು ಅದನ್ನು ಕೈಗೆತ್ತಿಕೊಂಡು, ‘ಈಗ ಎಷ್ಟು ವಯಸ್ಸಾಗಿರಬಹುದು?’ ಎಂದು ಕೇಳಿದರು. ‘ಮೂವತ್ತೈದು, ನನ್ನಷ್ಟೇ’ ಎಂದೆ. ಅವರು ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಚಿತ್ರವನ್ನು ತಾವೇ ಇಟ್ಟುಕೊಳ್ಳಬಹುದೇ ಎಂದು ಕೇಳಿ ಕಡತದೊಳಗೆ ಸೇರಿಸಿದರು. ಆ ಭೇಟಿಗೆ ಸಮಯ ಸಿಕ್ಕಿದ್ದೂ ಪತ್ರ ಮೊದಲೇ ಅವರ ಕೈ ಸೇರಿದ್ದರಿಂದಲೇ ಎಂಬುದನ್ನು ಹೇಳಲೇಬೇಕು.

ಪಾರ್ಲಿಮೆಂಟಿನ ಅಧಿಕೃತ ಅರ್ಜಿ ತಾಣವೂ ಇದೆಯಲ್ಲ, ಅದನ್ನೇಕೆ ಬಳಸಬಾರದು ಎಂದು ಕೆಲವರು ಕೇಳಿದ್ದಾರೆ. ಬಳಸಬಹುದು. ಅಲ್ಲಿ 10,000 ಸಹಿಗಳಾದರೆ ಸರ್ಕಾರ ಉತ್ತರಿಸುತ್ತದೆ, 1,00,000 ಆದರೆ ಚರ್ಚೆಗೆ ಪರಿಗಣಿಸುತ್ತಾರೆ, ಅವಧಿ ಆರು ತಿಂಗಳು. ಅಷ್ಟು ಜನರನ್ನು ಕೂಡಿಸುವ ಬಲ ನಿಮಗಿದ್ದರೆ ಅದು ಒಳ್ಳೆಯ ದಾರಿಯೇ. ಒಬ್ಬ ಸಾಮಾನ್ಯ ನಿವಾಸಿಗೆ ಒಂದು ಪತ್ರವೇ ಹತ್ತಿರದ ದಾರಿ.

ನಮ್ಮವರಲ್ಲಿ ಇನ್ನೊಂದು ಹಿಂಜರಿಕೆಯನ್ನು ನಾನು ಪದೇ ಪದೇ ಕೇಳಿದ್ದೇನೆ: ನಾವು ವೀಸಾದ ಮೇಲೆ ಬಂದವರು, ನಮಗೆ ಇದೆಲ್ಲ ಏಕೆ? ಸಂಸದರು ತಮ್ಮ ಕ್ಷೇತ್ರದಲ್ಲಿ ವಾಸಿಸುವ ಎಲ್ಲರ ಪ್ರತಿನಿಧಿ. ನೀವು ಅವರಿಗೆ ಮತ ಹಾಕಿದ್ದೀರಾ ಎಂದು ಯಾರೂ ಕೇಳುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯ ಪ್ರಜೆಗಳು ಮತದಾರರ ಪಟ್ಟಿಗೆ ಹೆಸರು ಸೇರಿಸಿ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಹಾಕಲೂಬಹುದು. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ನಿಮ್ಮ ಸಂಸದರಿಗೆ ಮಾತ್ರ ಬರೆಯಬೇಕು, ಬೇರೆ ಕ್ಷೇತ್ರದ ಹೆಸರಾಂತ ಸಂಸದರಿಗೆ ಬರೆದರೆ ಅವರು ಉತ್ತರಿಸುವುದಿಲ್ಲ ಎಂಬ ಇಲ್ಲಿಯ ರೂಢಿಯನ್ನು ಈ ತಾಣವೂ ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಮೊದಮೊದಲು ಇದು ಅಡಚಣೆಯೆನಿಸಿತ್ತು; ಈಗ ಅದೇ ಸರಿಯೆನಿಸುತ್ತದೆ.

ಸಂಸದರ ಒಂದು ಮಾತಿನಿಂದ ಬೀಜಿಂಗಿನಲ್ಲಿ ಏನಾಗುತ್ತದೆ ಎಂದು ಕೇಳುವವರಿಗೆ ಎರಡು ಸಂಗತಿಗಳನ್ನು ನೆನಪಿಸುತ್ತೇನೆ. ಷಿಂಜಿಯಾಂಗಿನ ಉಯಿಗುರ್ ಮುಸ್ಲಿಮರ ಮೇಲಿನ ದಮನದ ಬಗ್ಗೆ ದನಿಯೆತ್ತಿದ ಐವರು ಬ್ರಿಟಿಷ್ ಸಂಸದರ ಮೇಲೆ ಚೀನಾ 2021ರ ಮಾರ್ಚಿನಲ್ಲಿ ನಿರ್ಬಂಧ ಹೇರಿತು. ಅವರಲ್ಲಿ ಒಬ್ಬರಾದ ಟಿಮ್ ಲೌಟನ್ ಟಿಬೆಟ್ ಕುರಿತಾದ ಸರ್ವಪಕ್ಷ ಗುಂಪಿನ ಮುಂದಾಳಾಗಿದ್ದವರು. ಅದೇ ವರ್ಷದ ಡಿಸೆಂಬರಿನಲ್ಲಿ ಟಿಬೆಟ್ಟಿನ ದೇಶಭ್ರಷ್ಟ ಸಂಸತ್ತು ದೆಹಲಿಯಲ್ಲಿ ಏರ್ಪಡಿಸಿದ್ದ ಔತಣಕೂಟಕ್ಕೆ ಬೇರೆ ಬೇರೆ ಪಕ್ಷಗಳ ಭಾರತೀಯ ಸಂಸದರು ಹೋಗಿದ್ದರು. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ಕೆ. ಸಿ. ರಾಮಮೂರ್ತಿಯವರೂ ಅವರಲ್ಲಿದ್ದರು. ಅದಾದ ಮೇಲೆ ಚೀನಾದ ರಾಯಭಾರ ಕಚೇರಿ ಆ ಸಂಸದರಿಗೆ ಆಕ್ಷೇಪಣೆಯ ಪತ್ರ ಬರೆಯಿತು. ಸಂಸದರ ಮಾತಿಗೆ ಬೆಲೆಯಿಲ್ಲದಿದ್ದರೆ ಒಂದು ಔತಣಕೂಟದ ಬಗ್ಗೆ ಒಂದು ದೊಡ್ಡ ದೇಶ ಪತ್ರ ಬರೆಯುತ್ತಿರಲಿಲ್ಲ. ಭಾರತದಲ್ಲಿ ಇಂಥದೊಂದು ಸೇವೆ ನಿಂತರೆ, ಪೋಸ್ಟಿನ ಪಿನ್‌ಕೋಡ್ ಕೊಟ್ಟು ಮೈಸೂರು ಕ್ಷೇತ್ರದ ಸಂಸದರಿಗೆ ಕನ್ನಡದಲ್ಲೇ ಬರೆಯುವಂತಾದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಎಷ್ಟೋ ಬಾರಿ ಅಂದುಕೊಂಡಿದ್ದೇನೆ. ಬೈಲಕುಪ್ಪೆ ಇರುವುದು ಆ ಜಿಲ್ಲೆಯಲ್ಲಿಯೇ.

ಪತ್ರ ಬರೆಯುವುದೆಂದಾಗಲೆಲ್ಲ ನನಗೆ ಹತ್ತನೆಯ ಪಂಚೆನ್ ಲಾಮಾ ನೆನಪಾಗುತ್ತಾರೆ. 1962ರಲ್ಲಿ, ಇಪ್ಪತ್ತನಾಲ್ಕರ ತರುಣರಾಗಿದ್ದಾಗ, ಟಿಬೆಟ್ಟಿನ ಹಸಿವು, ಬಂಧನ, ಮಠಗಳ ನಾಶಗಳನ್ನೆಲ್ಲ ದಾಖಲಿಸಿ ಅವರು ಪ್ರಧಾನಿ ಚೌ ಎನ್‌ಲಾಯ್ ಅವರಿಗೆ ಸಲ್ಲಿಸಿದ ಮನವಿಯು ಎಪ್ಪತ್ತು ಸಾವಿರ ಅಕ್ಷರಗಳ ಅರ್ಜಿ ಎಂದೇ ಪ್ರಸಿದ್ಧವಾಗಿದೆ. ಅದರ ಫಲವಾಗಿ ಅವರು ಸ್ಥಾನ ಕಳೆದುಕೊಂಡು ವರ್ಷಗಟ್ಟಲೆ ಸೆರೆವಾಸ, ಗೃಹಬಂಧನಗಳನ್ನು ಅನುಭವಿಸಿದರು. ನಾನು ಬರೆದದ್ದು ಒಂದು ಪುಟ. ಅದನ್ನು ಊಟವಾದ ಮೇಲೆ ಮೇಜಿನ ಮುಂದೆ ಕುಳಿತು, ಯಾವ ಭಯವೂ ಇಲ್ಲದೆ ಬರೆದೆ. ಕಳುಹಿಸಲು ತಗುಲಿದ್ದು ಹತ್ತು ನಿಮಿಷ.

ಮೂರನೆಯ ಪತ್ರವನ್ನು 2025ರ ಮೇ 17ರ ಮುಂಚಿನ ವಾರ, ಮೂವತ್ತು ವರ್ಷ ತುಂಬುವ ಹೊತ್ತಿಗೆ ತಲುಪುವಂತೆ ಕಳುಹಿಸಿದೆ. ಈ ಬಾರಿ ಬೇಡಿಕೆಯನ್ನು ಇನ್ನಷ್ಟು ಕಿರಿದು ಮಾಡಿ, ಗೆಂಡುನ್ ಚೋಕಿ ನೀಮಾ ಅವರ ಕುರಿತು ಸರ್ಕಾರವು ಚೀನಾದ ಜೊತೆ ಕೊನೆಯ ಬಾರಿ ಪ್ರಸ್ತಾಪಿಸಿದ್ದು ಯಾವ ದಿನ ಎಂಬ ಒಂದೇ ಲಿಖಿತ ಪ್ರಶ್ನೆಯನ್ನು ಸಲ್ಲಿಸಿರೆಂದು ಕೇಳಿಕೊಂಡೆ. ದಿನಾಂಕ ಕೇಳಿದರೆ ಸುತ್ತುಬಳಸಿ ಉತ್ತರಿಸುವುದು ಕಷ್ಟ. ಸಂಸದರ ಉತ್ತರ ಈ ಬಾರಿ ಅವರ ಹೆಸರಿನಲ್ಲೇ ಬಂತು. ಸರ್ವಪಕ್ಷ ಗುಂಪಿನವರೊಡನೆ ಮಾತನಾಡಿರುವುದಾಗಿಯೂ, ಪ್ರಶ್ನೆಯ ಮಾತುಗಳನ್ನು ಅವರೊಡನೆ ಸೇರಿ ಸಿದ್ಧಪಡಿಸುತ್ತಿರುವುದಾಗಿಯೂ ತಿಳಿಸಿದ್ದರು. ಮೈಸೊಸೈಟಿಯದೇ ಇನ್ನೊಂದು ತಾಣವಾದ ‘ದೇ ವರ್ಕ್ ಫಾರ್ ಯು’ನಲ್ಲಿ, ಸದನದಲ್ಲಿ ಯಾರಾದರೂ ‘ಪಂಚೆನ್ ಲಾಮಾ’ ಎಂಬ ಹೆಸರೆತ್ತಿದರೆ ನನಗೆ ಇಮೇಲ್ ಬರುವಂತೆ ಸೂಚನೆ ಇಟ್ಟುಕೊಂಡಿದ್ದೇನೆ. ಅದೂ ಉಚಿತವೇ. ಆ ಇಮೇಲಿನಲ್ಲಿ ನಮ್ಮ ಕ್ಷೇತ್ರದ ಹೆಸರು ಇನ್ನೂ ಬಂದಿಲ್ಲ. ಬಾರದಿದ್ದರೆ ನಾಲ್ಕನೆಯ ಪತ್ರದ ಮೊದಲ ಸಾಲು ಈಗಾಗಲೇ ಬರೆದಿಟ್ಟಿದೆ.